ದಿವಂಗತ ಫ. ಗು. ಹಳಕಟ್ಟಿಯವರು

ಬೆಳವಣಕಿಯ ಸೀಮೆಯ ಎರಿ ಭೂಮಿಯನ್ನು ಕಂಡವರಿಗೆ ಹಿಂಗಾರಿ ಜೋಳದ ಸ್ವಭಾವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬಿತ್ತುವಾಗ ಭೂಮಿಯಲ್ಲಿ ಹಸಿಯಿರುತ್ತದೆ. ಆಮೇಲೆ ಮಳೆ ಬಂದರೆ ಬಂದಿತು, ಬಾರದಿದ್ದರೆ ಇಲ್ಲ. ಮೇಲಿನ ಮಣ್ಣು ಒಣಗುತ್ತ ಬಂದ ಹಾಗೆ ಬೇರು ಹಸಿಯನ್ನು ಹುಡುಕಿಕೊಂಡು ಕೆಳಕ್ಕಿಳಿಯುತ್ತದೆ. ಮೊದಮೊದಲು ಮೇಲಿಂದ ಮೇಲೆ ಮಳೆಯಾದ ವರ್ಷ ಪೈರು ನೋಡುವುದಕ್ಕೆ ಹಸುರಾಗಿದ್ದರೂ ಬೇರು ಮೇಲೆಯೇ ನಿಂತು, ಮುಂದೆ ಒಣಹವೆ ಬಿದ್ದೊಡನೆ ಬಾಡುವುದುಂಟು. ಇದರಿಂದ ಬರವೇ ಬೆಳೆಗೆ ಹಿತವೆಂದು ಯಾರಾದರೂ ಹೇಳಹೊರಟರೆ ನಮ್ಮ ರೈತನು ನಕ್ಕಾನು. ತಳದಲ್ಲಿ ಹಸಿಯೇ ಇಲ್ಲದ ವರ್ಷ ಯಾವ ಬೇರೂ ಏನನ್ನೂ ಮಾಡಲಾರದು. ಅದನ್ನರಿತೇ ಅವನು ಜೋಳದೊಡನೆ ಕಡಲೆಯನ್ನೂ ಕುಸುಬಿಯನ್ನೂ ಅಕ್ಕಡಿಯಾಗಿ ಬಿತ್ತುವನು. ಭೂಮಿ ಬಿರಿಯತೊಡಗಿದಾಗ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವನು. ಅವನ ಹಿರಿಯರು ಸುಗ್ಗಿ ಚೆನ್ನಾಗಿ ಆದ ವರ್ಷ ಹಗೇವುಗಳಲ್ಲಿ ಕಾಳನ್ನು ತುಂಬಿ ಮಣ್ಣು ಮುಚ್ಚಿ ಇಡುತ್ತಿದ್ದರು.

ಕಷ್ಟವು ಮನುಷ್ಯನನ್ನು ಗಟ್ಟಿಗೊಳಿಸುವುದೆಂಬ ಮಾತನ್ನು ಉಂಡು ಕುಳಿತವರು ಬಲು ಸುಲಭವಾಗಿ ಆಡುತ್ತಾರೆ. ೧೮೭೬ ರಿಂದ ೧೮೭೮ ರವರೆಗೆ ನಮ್ಮ ನಾಡನ್ನು ಸುಟ್ಟ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಧಾರವಾಡ ಮತ್ತು ಅಂದಿನ ಕಲಾದಗಿ ಜಿಲ್ಲೆಗಳ ಎಷ್ಟೋ ಹಳ್ಳಿಗಳು ಬರಿದಾದುವು. ಸತ್ತವರನ್ನು ಆ ಬರವು ಗಟ್ಟಿಗೊಳಿಸಲಿಲ್ಲ. ಆದರೆ ಅದರ ತರುವಾಯ ಸರಕಾರವು ಕ್ಷಾಮದ ಆಯೋಗವನ್ನು ನೇಮಿಸಿತು; ಬರ ಬಂದಾಗ ಅಧಿಕಾರಿಗಳು ಏನೇನು ಮಾಡತಕ್ಕದ್ದೆಂಬ ಕಟ್ಟಳೆಗಳು ಹುಟ್ಟಿದುವು; ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ಸದರ್ನ್ ಮರಾಠಾ ರೇಲ್ವೆಯ ದಾರಿಗಳು ಬಿದ್ದುವು. ೧೮೮೪ ರಲ್ಲಿ ತೆರೆದ ಗದಗ-ಹೋಟಗಿ ದಾರಿಯು ನಮ್ಮ ರೋಣ ತಾಲೂಕಿನ ಹೊಳೆಆಲೂರನ್ನು ಮುಟ್ಟಿ, ಬಾದಾಮಿ ಬಾಗಲಕೋಟೆಗಳ ಮೇಲೆ ಹಾಯ್ದು, ಬಿಜಾಪುರವನ್ನು ದಾಟಿ ಹೋಗುವುದು. ನಾಡು ಗಟ್ಟಿಯಾದುದೇನೋ ನಿಜ; ಬೆಲೆ ತೆತ್ತವರು ಒಬ್ಬರು, ಫಲ ಉಂಡವರು ಮತ್ತೊಬ್ಬರು. ಸಂಕಟವು ಯಾವುದನ್ನು ಬಲಪಡಿಸುತ್ತದೆ, ಯಾವುದನ್ನು ಮುರಿಯುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ರೇಲ್ವೆ ದಾರಿಯ ಮೇಲಿನ ಬಿಜಾಪುರದಲ್ಲಿ ಅರುವತ್ತು ವರ್ಷ ಬಾಳಿದ ಮಹನೀಯರೊಬ್ಬರ ಚರಿತ್ರವನ್ನು ವಾಚಕರ ಮುಂದೆ ಇಡಲು ಇಚ್ಛಿಸುತ್ತೇವೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ೧೮೮೦ ನೆಯ ಜುಲೈ ೨ ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ತಾಯಿ ದಾನಾದೇವಿಯವರು ಮಗುವಿಗೆ ಮೂರು ವರ್ಷ ತುಂಬುವ ಸುಮಾರಿಗೆ ತೀರಿಕೊಂಡುದರಿಂದ ಅಜ್ಜಿಯೇ ಸಾಕಿದರು. ಧಾರವಾಡದ ಶಿಕ್ಷಣ ಮುಗಿದ ಮೇಲೆ ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ೧೯೦೪ ರಲ್ಲಿ ಕಾಯದೆಯ ಪದವಿಯನ್ನು ಪಡೆದರು. ಮುಂಬಯಿಯಲ್ಲಿ ಅವರಿಗೆ ದೊರೆತ ಸ್ನೇಹಿತರಲ್ಲಿ ಆಲೂರ ವೆಂಕಟರಾಯರೊಬ್ಬರು. ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಸಾಗಲಾರೆವು. ಇಬ್ಬರೂ ಒಂದೇ ವರ್ಷದ ಒಂದೇ ತಿಂಗಳಲ್ಲಿ, ಹತ್ತು ದಿನಗಳ ಅಂತರದಿಂದ ಹುಟ್ಟಿದವರು. ವೆಂಕಟರಾಯರು ಬಿಜಾಪುರದಲ್ಲಿ ಹುಟ್ಟಿ ಧಾರವಾಡವನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ಬಿಜಾಪುರದವರಾದರು. ಕನ್ನಡಿಗರು ತಮ್ಮ ಪೂರ್ವದ ವೈಭವವನ್ನು ಮರೆತಿದ್ದಾರೆಂದು ಒಬ್ಬರು ನಾಡಿನ ಇತಿಹಾಸವನ್ನು ಎತ್ತಿ ತೋರಿಸಿದರು. ಮತ್ತೊಬ್ಬರು ಮನೆಮನೆಯ ಮಾಡಗಳಲ್ಲಿ ಧೂಳು ಹಿಡಿದು ಕುಳಿತ ಓಲೆಗರಿಯ ಕಟ್ಟುಗಳನ್ನು ಬಿಚ್ಚಿದರು.

ಆ ಕಟ್ಟುಗಳ ದರ್ಶನವು ಅವರಿಗೆ ಮೊದಲು ಆದುದು ೧೯೦೩ ರ ಸುಮಾರಿಗೆ, ರಬಕವಿಯ ಮಂಚಾಲೆ ಎಂಬ ಮನೆತನದಲ್ಲಿ. ಅಲ್ಲಿ ಪ್ರಭುದೇವರ ವಚನಗಳೇ ಮೊದಲಾದ ತಾಡಪತ್ರಗಳನ್ನು ಕಂಡ ದಿನದಿಂದ ಅವರ ಬಾಳಿನ ದಿಕ್ಕು ತಿರುಗಿತು. ಆ ತರುವಾಯ ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿ, ಅದೇ ೧೯೦೪ ರಲ್ಲಿ ಬಿಜಾಪುರಕ್ಕೆ ಬಂದು ನೆಲೆಸಿದರು. ಹಗಲು ಕೋರ್ಟು, ರಾತ್ರಿ ಓಲೆಗರಿ. ಕೆಲವು ವರ್ಷಗಳಲ್ಲಿ ಓಲೆಗರಿಯೇ ಹಗಲನ್ನೂ ನುಂಗಿತು.

ಅವರು ಹುಡುಕಹೊರಟ ಸಾಹಿತ್ಯದ ಚರಿತ್ರವನ್ನು ಎರಡು ಮಾತಿನಲ್ಲಿ ಜ್ಞಾಪಿಸಿಕೊಳ್ಳುವುದು ಅವಶ್ಯ. ಯಾಕಂದರೆ ನಾವು ಎತ್ತಿಕೊಂಡ ಪ್ರಶ್ನೆಯ ಬೇರು ಅಲ್ಲಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು, ಅಲ್ಲಮಪ್ರಭುಗಳು, ಅಕ್ಕಮಹಾದೇವಿಯವರು ಮೊದಲಾದ ಶರಣರು ವಚನಗಳನ್ನು ನುಡಿದರು. ಬಿಜ್ಜಳನ ಅಂತ್ಯಕಾಲದ ಕ್ಷೋಭೆಯಲ್ಲಿ ಆ ಸಮೂಹವು ದಿಕ್ಕಾಪಾಲಾಯಿತು. ಕೆಲವರು ಉಳವಿಯ ಕಡೆಗೆ ಹೋದರು, ಕೆಲವರು ಶ್ರೀಶೈಲದ ಕಡೆಗೆ. ಒಂದು ಪಟ್ಟಣದ ಒಂದು ಮಠದಲ್ಲಿಯೋ ಒಬ್ಬ ಅರಸನ ಭಂಡಾರದಲ್ಲಿಯೋ ಆ ವಚನಗಳೆಲ್ಲವೂ ಇದ್ದಿದ್ದರೆ ಒಂದೇ ಕಿಚ್ಚಿಗೆ ಬೂದಿಯಾಗುತ್ತಿದ್ದುವು. ಓಡಿದವರ ಬಾಯಿ ಮತ್ತು ಬಗಲಿನಲ್ಲಿ ಅವು ನಾಡಿನ ಮೂಲೆಮೂಲೆಗೆ ಹೋದುವು. ಎರಡೂವರೆ ಶತಮಾನಗಳು ಕಳೆದ ಮೇಲೆ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಲಕ್ಕಣ್ಣ ದಂಡೇಶನೇ ಮೊದಲಾದವರ ಆಶ್ರಯದಿಂದ ನೂರೊಂದು ವಿರಕ್ತರೆಂದು ಪ್ರಸಿದ್ಧರಾದವರು ಅವುಗಳನ್ನು ಕೂಡಿಸುವ, ಕ್ರಮಗೊಳಿಸುವ, ಟೀಕೆ ಬರೆಯುವ ಕೆಲಸಕ್ಕೆ ಕೈಹಾಕಿದರು. ಶೂನ್ಯಸಂಪಾದನೆಯೂ ಆ ಶತಮಾನದ ಫಲವೇ. ಆ ಸಂಕಲನಗಳು ಮತ್ತೆ ಪ್ರತಿಯಾಗಿ, ಪ್ರತಿಯ ಪ್ರತಿಯಾಗಿ ಹರಡಿದುವು. ವಿಜಯನಗರವು ೧೫೬೫ ರಲ್ಲಿ ಹಾಳಾದಾಗ ಅವು ಹಾಳಾಗಲಿಲ್ಲ. ಹಳ್ಳಿಯ ಮನೆಗಳಲ್ಲಿ ಇದ್ದುವು.

ಆದರೆ ಇದನ್ನು ದೈವಲೀಲೆಯೆಂದು ಕೊಂಡಾಡಿ ಕೂಡುವುದು ನಮಗೆ ಒಪ್ಪಿತವಲ್ಲ. ಚದುರಿದುದರಲ್ಲಿ ಬಹುಪಾಲು ನಾಶವಾಯಿತೆಂಬುದರಲ್ಲಿ ಸಂದೇಹವಿಲ್ಲ. ಓಲೆಗರಿಯ ಆಯುಷ್ಯ ಅಲ್ಪ. ಗೆದ್ದಲು, ಹುಳ, ಮಳೆಗಾಲದ ತಂಪು, ಮುರಿದ ಅಂಚು ಇವುಗಳಿಂದ ಹಳೆಯ ಗರಿ ಹೋಗುವುದರೊಳಗಾಗಿ ಯಾರಾದರೂ ಕಂಠವನ್ನು ಹಿಡಿದು ಹೊಸ ಗರಿಯ ಮೇಲೆ ಬರೆಯಬೇಕು. ಬರೆಯುವವರು ಇಲ್ಲದ ಮನೆಯಲ್ಲಿ ಕಟ್ಟನ್ನು ವಸ್ತ್ರದಲ್ಲಿ ಸುತ್ತಿ ಪೂಜೆಗಿಟ್ಟರು. ಪೂಜೆಗೊಂಡ ಗರಿಯನ್ನು ಬಿಚ್ಚಿ ಓದುವವರಿಲ್ಲದೆ ಅದು ಒಳಗೊಳಗೇ ಪುಡಿಯಾಯಿತು. ಹೀಗೆ ಭಕ್ತಿಯೇ ಎಷ್ಟೋ ವಚನಗಳಿಗೆ ಗೆದ್ದಲಾಯಿತೆಂದರೆ ತಪ್ಪಾಗದು.

ಹಾಗಾದರೆ ಚದುರುವಿಕೆಯಿಂದ ಲಾಭವೆಲ್ಲಿ? ಹಳಕಟ್ಟಿಯವರು ಇಪ್ಪತ್ತು ವರ್ಷ ಊರೂರು ತಿರುಗಿ ನೂರಾರು ಕಟ್ಟುಗಳನ್ನು ಕೂಡಿಹಾಕಿದಾಗ ಅದು ಕಾಣಿಸಿಕೊಂಡಿತು. ಪ್ರತಿ ಬರೆಯುವವನು ತಪ್ಪುತ್ತಾನೆ. ಒಂದೇ ಪ್ರತಿ ಉಳಿದಿದ್ದರೆ ಅವನ ತಪ್ಪೇ ವೇದವಾಕ್ಯವಾಗುತ್ತದೆ. ತಪ್ಪೆಂದು ತಿಳಿಯುವ ಉಪಾಯವೇ ಇಲ್ಲ. ರಬಕವಿಯಲ್ಲಿ ಬರೆದವನು ಒಂದು ಕಡೆ ಎಡವಿದರೆ ಬೇರೊಂದು ಸೀಮೆಯಲ್ಲಿ ಬರೆದವನು ಇನ್ನೊಂದು ಕಡೆ ಎಡವುತ್ತಾನೆ. ಇಬ್ಬರೂ ಒಂದೇ ಶಬ್ದದಲ್ಲಿ ಎಡವುವುದು ಅಪರೂಪ. ಹತ್ತು ಕಟ್ಟುಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದವನಿಗೆ ಯಾವ ಒಂದು ಕಟ್ಟೂ ಹೇಳದ ಸತ್ಯವು ಹೊಳೆಯುತ್ತದೆ. ಪ್ರತಿಗಳು ಪರಸ್ಪರ ಕಾಣದಷ್ಟು ದೂರ ಚದುರಿದ್ದುದೇ ಅವುಗಳ ತಪ್ಪನ್ನು ತಿದ್ದುವ ಸಾಧನವಾಯಿತು. ಇಂಥ ಹುಡುಕಾಟದಿಂದ, ಮೊದಲು ಐವತ್ತರಷ್ಟು ಮಾತ್ರ ಹೆಸರು ತಿಳಿದಿದ್ದ ವಚನಕಾರರ ಸಂಖ್ಯೆಯು ಇನ್ನೂರೈವತ್ತರ ಸಮೀಪಕ್ಕೆ ಏರಿತು. ಕಾಯಕದ ಜನರು, ಹೆಣ್ಣುಮಕ್ಕಳು, ಯಾವ ಅರಸನೂ ಶಾಸನ ಬರೆಯಿಸದ ಮಂದಿ, ಎಂಟುನೂರು ವರ್ಷಗಳ ತರುವಾಯ ತಮ್ಮ ಹೆಸರಿನಿಂದ ಮತ್ತೆ ಮಾತಾಡಿದರು. ಹರಿಹರನ ರಗಳೆಗಳನ್ನು ಬೆಳಕಿಗೆ ತಂದ ಕೀರ್ತಿಯಲ್ಲಿಯೂ ಅವರ ಪಾಲು ದೊಡ್ಡದು. ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಅವರು ೧೯೨೨ ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿ ಹೊರಗಿನ ಪಂಡಿತರ ಗಮನಕ್ಕೂ ತಂದರು.

ಇನ್ನು ಮುದ್ರಣದ ಸಂಗತಿ. ಕೂಡಿಸಿದ ವಚನಗಳನ್ನು ಶಾಸ್ತ್ರೀಯವಾಗಿ ವಿಂಗಡಿಸಿ ಒಂದು ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದ ಹಳಕಟ್ಟಿಯವರು ಅದನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದರು. ಅಂದಿಗೆ ಕನ್ನಡದ ಅಚ್ಚಿನಲ್ಲಿ ಅದಕ್ಕಿಂತ ಹೆಸರಾದ ಮುದ್ರಣಾಲಯವಿರಲಿಲ್ಲ. ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿ ಬಂದಿತು. ಅದಕ್ಕೆ ಕಾರಣಗಳನ್ನು ಜನರು ಬೇರೆಬೇರೆಯಾಗಿ ಹೇಳುವುದುಂಟು. ಅದರ ಚರ್ಚೆ ಇಲ್ಲಿ ಬೇಡ. ವರ್ಷಗಳ ದುಡಿಮೆಯು ಟಪಾಲಿನಲ್ಲಿ ಮರಳಿ ಬಂದಾಗ ಮನುಷ್ಯನ ಮನಸ್ಸು ಏನಾಗುವುದೆಂಬುದನ್ನು ಬರೆಯುವ ಕಸುಬಿನವರೆಲ್ಲರೂ ಬಲ್ಲರು. ಹಳಕಟ್ಟಿಯವರು ಅದನ್ನು ಬೆಳಗಾವಿಗೆ ಒಯ್ದರು. ಅಲ್ಲಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ೧೯೨೩ ರಲ್ಲಿ ಹೊರಬಿದ್ದಿತು. ಜೈನ ತೀರ್ಥಂಕರರ ಹೆಸರಿನ ಛಾಪಖಾನೆಯಿಂದ ಶಿವಶರಣರ ಗ್ರಂಥವು ಹೊರಬಂದುದು ಈ ನಾಡಿಗೆ ಒಪ್ಪುವ ಸಂಗತಿಯೇ ಸರಿ.

ಬೇರೊಬ್ಬರಾಗಿದ್ದರೆ ಅಲ್ಲಿಗೆ ಸಂತುಷ್ಟರಾಗುತ್ತಿದ್ದರು. ಆದರೆ ಮುದ್ರಣವೆಂಬುದು ಪರರ ಕೈಯಲ್ಲಿರುವವರೆಗೆ ತಮ್ಮ ಕೆಲಸವು ಪರರ ಮರ್ಜಿಯ ಮೇಲೆ ನಿಂತಿದೆಯೆಂಬ ಪಾಠವನ್ನು ಆ ಹಿಂದಿರುಗಿದ ಹಸ್ತಪ್ರತಿಯು ಅವರಿಗೆ ಕಲಿಸಿತ್ತು. ತಮ್ಮ ಮನೆಯನ್ನು ಮಾರಿ, ೧೯೨೫ ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ ರಲ್ಲಿ ಶಿವಾನುಭವ ಪತ್ರಿಕೆಯನ್ನು, ೧೯೨೭ ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನು ಆರಂಭಿಸಿದರು.

ಮನೆ ಮಾರಿ ಛಾಪಖಾನೆ ಹಾಕಿದರೆಂದು ಒಂದು ಸಾಲಿನಲ್ಲಿ ಬರೆದು ಮುಗಿಸುವುದು ಸುಲಭ. ಅದರ ಅರ್ಥವನ್ನು ಈ ಕಸುಬಿನವರಾದ ನಾವು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಕೆಲಸ ಕಲಿಯುವ ಕಾಲಕ್ಕೂ ಮೊಳೆ ಜೋಡಿಸುವ ಪದ್ಧತಿಯು ಇನ್ನೂ ಅಳಿದಿರಲಿಲ್ಲ. ಇಂಗ್ಲಿಷಿಗೆ ಅಕ್ಷರಗಳು ಇಪ್ಪತ್ತಾರು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಬಗೆಯ ಮೊಳೆಗಳು ಬೇಕು. ಅವುಗಳಿಗೆ ಅಷ್ಟೇ ಮನೆಗಳ ಪೆಟ್ಟಿಗೆಗಳು ಬೇಕು. ಯಾವ ಮನೆಯಲ್ಲಿ ಯಾವ ಮೊಳೆ ಎಂಬುದು ಕೈಗೆ ತಿಳಿದಿರುವ ಜೋಡಣೆಗಾರನು ಬೇಕು. ಸಣ್ಣ ಬಂಡವಾಳದ ಛಾಪಖಾನೆಯಲ್ಲಿ ಮೊಳೆಗಳ ಸಂಗ್ರಹವು ಕೆಲವೇ ಪುಟಗಳಿಗೆ ಸಾಲುತ್ತದೆ. ಆ ಪುಟಗಳನ್ನು ಜೋಡಿಸಿ, ಕರಡು ತಿದ್ದಿ, ಅಚ್ಚು ಹಾಕಿ, ಮೊಳೆಗಳನ್ನು ತೊಳೆದು ಮತ್ತೆ ಅವುಗಳ ಮನೆಗಳಿಗೆ ಹಂಚಿದ ಮೇಲೆಯೇ ಮುಂದಿನ ಪುಟಗಳ ಮಾತು. ಯಂತ್ರದ ಒಂದು ಭಾಗ ಮುರಿದರೆ ಅದು ದೂರದ ಊರಿನಿಂದ ಬರಬೇಕು. ಕಾಗದದ ವ್ಯಾಪಾರಿಯು ನಗದು ಕೇಳುತ್ತಾನೆ; ವರ್ಗಣಿದಾರನು ಮಾತ್ರ ನಾಳೆ ಎನ್ನುತ್ತಾನೆ. ಎರಡು ತಲೆಮಾರು ದಾಟಿದರೂ ವರ್ಗಣಿದಾರರ ಈ ಸ್ವಭಾವವು ಅಷ್ಟಾಗಿ ಬದಲಾಗಿಲ್ಲವೆಂಬುದನ್ನು ನಾವು ಅನುಭವದಿಂದ ಬಲ್ಲೆವು. ಈ ಮಾತನ್ನು ಓದುವವರಲ್ಲಿ ಯಾರಾದರೂ ಬಾಕಿಯಿದ್ದರೆ ಅವರಿಗೆ ಇದು ಜ್ಞಾಪನಪತ್ರವೂ ಆಗಲಿ.

ಇಂಥ ಸ್ಥಿತಿಯಲ್ಲಿ ಶಿವಾನುಭವವನ್ನು ಅವರು ಸುಮಾರು ಮೂವತ್ತೈದು ವರ್ಷ ನಡೆಯಿಸಿದರು. ಬರೆಯುವವರು ಅವರೇ, ಕರಡು ತಿದ್ದುವವರು ಅವರೇ. ವಕೀಲಿಯ ಗಳಿಕೆಯು ಛಾಪಖಾನೆಗೆ ಹೋಯಿತು. ಕೊನೆಗೆ ಛಾಪಖಾನೆಗಾಗಿ ವಕೀಲಿಯೂ ಹಿಂದೆ ಬಿದ್ದಿತು. ತೇಪೆ ಹಾಕಿದ ಕೋಟು, ಹಳೆಯ ಸೈಕಲ್ಲು, ಬಗಲಲ್ಲಿ ಕರಡಿನ ಕಾಗದಗಳು, ಹೀಗೆ ಬಿಜಾಪುರದ ಬೀದಿಗಳಲ್ಲಿ ಓಡಾಡುತ್ತಿದ್ದ ಅವರ ಚಿತ್ರವನ್ನು ಆ ಊರಿನ ಹಿರಿಯರು ಬಹುಕಾಲ ನೆನೆಯುತ್ತಿದ್ದರು. ಅವರ ಲೇಖನಿಯಿಂದ ಹೊರಟ ಮತ್ತು ಅವರು ಸಂಪಾದಿಸಿದ ಗ್ರಂಥಗಳು ನೂರೈವತ್ತನ್ನು ಮೀರಿದುವು. ೧೯೨೬ ರಲ್ಲಿ, ಶಿವಾನುಭವವು ಹುಟ್ಟಿದ ವರ್ಷವೇ, ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಸ್ಥಾನವು ಅವರಿಗೆ ಸಂದಿತು. ಬಿಜಾಪುರದಲ್ಲಿ ಆದಿಲಶಾಹಿ ಗುಮ್ಮಟವೊಂದಿದ್ದರೆ ಹಳಕಟ್ಟಿಯವರು ವಚನದ ಗುಮ್ಮಟವೆಂದು ಬಿ. ಎಂ. ಶ್ರೀಕಂಠಯ್ಯನವರು ಅವರನ್ನು ಗೌರವಿಸಿದರು.

ಅವರು ಕೇವಲ ಓಲೆಗರಿಯ ಮನುಷ್ಯರಾಗಿದ್ದರೆಂದು ಭಾವಿಸಬಾರದು. ಬಿಜಾಪುರವು ಬರದ ಜಿಲ್ಲೆ. ಮಳೆಯ ಲೆಕ್ಕದಲ್ಲಿ ನಮ್ಮ ರೋಣ, ನರಗುಂದಗಳ ಅಣ್ಣನೆನ್ನಬಹುದು. ಅಲ್ಲಿ ಶಾಲೆಯಿಲ್ಲದ ಮಕ್ಕಳು, ಸಾಲದಲ್ಲಿ ಮುಳುಗಿದ ಒಕ್ಕಲಿಗರು, ಕೆಲಸವಿಲ್ಲದ ನೇಕಾರರು ಇವರನ್ನು ಕಣ್ಣಾರೆ ಕಂಡ ವಕೀಲರು ಅವರು. ೧೯೧೦ ರಲ್ಲಿ ಅವರ ಮುಂದಾಳುತನದಿಂದ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆಯು ಸ್ಥಾಪಿತವಾಯಿತು, ಇಂದು ಬಿ. ಎಲ್. ಡಿ. ಇ. ಎಂಬ ಹೆಸರಿನಿಂದ ಪ್ರಸಿದ್ಧವಾದುದು ಅದೇ. ೧೯೧೨ ರಲ್ಲಿ ಸಿದ್ಧೇಶ್ವರ ಬ್ಯಾಂಕು ಹುಟ್ಟಿತು. ಒಕ್ಕಲುತನದ ಮತ್ತು ನೇಕಾರರ ಸಹಕಾರಿ ಸಂಘಗಳಲ್ಲಿ, ಪುರಸಭೆಯಲ್ಲಿ, ಊರಿನ ನೀರಿನ ಬವಣೆಯನ್ನು ನೀಗುವುದಕ್ಕಾಗಿ ಆದ ಭೂತನಾಳ ಕೆರೆಯ ಕೆಲಸದಲ್ಲಿ ಅವರ ಶ್ರಮವಿದ್ದಿತು. ೧೯೨೦ ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೂ ಹೋದರು. ಕರ್ನಾಟಕದ ಏಕೀಕರಣಕ್ಕಾಗಿ ನಡೆದ ಪ್ರಯತ್ನಗಳಲ್ಲಿ ಅವರ ಪತ್ರಿಕೆಯೂ ಪಾಲುಗೊಂಡಿತು.

ಸಹಕಾರದ ವಿಷಯದಲ್ಲಿ ನಮ್ಮ ಸೀಮೆಯವರು ಬಿಜಾಪುರದಿಂದ ಕಲಿಯಬೇಕಾದುದಿಲ್ಲವೆಂದು ಓದುಗರು ಅನ್ನಬಹುದು. ಅದು ನಿಜವೂ ಹೌದು. ೧೯೦೪ ರ ಸಹಕಾರ ಕಾಯದೆಯ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಿಂದ ಭಾರತದ ಮೊದಲ ಕೃಷಿ ಸಹಕಾರಿ ಸಂಘವು ಹುಟ್ಟಿದುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದೂ ಬರದ ಕೂಸೇ. ಒಬ್ಬ ರೈತನ ಬೆಳೆ ಹೋದರೆ ಅವನೊಬ್ಬನೇ ಸಾಹುಕಾರನ ಬಾಗಿಲಿಗೆ ಹೋಗಿ ಹೊಲವನ್ನು ಬರೆದುಕೊಡುವ ಬದಲು, ಅನೇಕರು ತಮ್ಮ ಸಣ್ಣ ಹಣವನ್ನು ಕೂಡಿಸಿ ಒಬ್ಬರ ಸೋಲನ್ನು ಎಲ್ಲರೂ ಹಂಚಿಕೊಳ್ಳುವ ಉಪಾಯ ಅದು. ಊರಿಗೆ ಊರೇ ಪರಸ್ಪರ ಬಲ್ಲವರಾದುದರಿಂದ ಯಾರು ತೀರಿಸುವವರು, ಯಾರು ತೀರಿಸಲಾರದವರು ಎಂಬುದನ್ನು ಯಾವ ಕಚೇರಿಗಿಂತಲೂ ಚೆನ್ನಾಗಿ ಅವರೇ ಬಲ್ಲರು. ಸಣ್ಣ ಸೋಲುಗಳು ಮುಚ್ಚಿಹೋಗದೆ ಸಭೆಯಲ್ಲಿ ಗೋಚರವಾಗುವುದರಿಂದ ದೊಡ್ಡ ಸೋಲು ಬರುವ ಮೊದಲೇ ಎಚ್ಚರವಾಗುತ್ತದೆ. ಲೆಕ್ಕವನ್ನು ಮುಚ್ಚಿಟ್ಟ ಸಂಘಗಳು ಆಮೇಲೆ ಹೇಗೆ ಕುಸಿದುವೆಂಬುದನ್ನೂ ಈ ಜಿಲ್ಲೆಗಳು ಸಾಕಷ್ಟು ಕಂಡಿವೆ.

ಈಗ ಹಳಕಟ್ಟಿಯವರ ಕೆಲಸಗಳನ್ನೆಲ್ಲ ಎದುರಿಗೆ ಇಟ್ಟುಕೊಂಡು ನೋಡಿದರೆ ಒಂದು ಭೇದವು ಕಣ್ಣಿಗೆ ಬೀಳುತ್ತದೆ. ವಿದ್ಯಾಸಂಸ್ಥೆಯನ್ನು ಅವರು ಹುಟ್ಟುಹಾಕಿದರು; ಮುಂದೆ ಅದು ಅವರೊಬ್ಬರ ಕೈಯಲ್ಲಿ ಉಳಿಯಲಿಲ್ಲ. ಬಂಥನಾಳದ ಶಿವಯೋಗಿಗಳೇ ಮೊದಲಾಗಿ ಬೇರೆಬೇರೆಯವರು ಬಂದು ಹೊತ್ತರು. ತಮ್ಮ ತಮ್ಮ ಕಾಲದ ಅಡಚಣೆಗಳನ್ನು ಒಬ್ಬೊಬ್ಬರು ಒಂದೊಂದು ರೀತಿಯಿಂದ ಬಗೆಹರಿಸಿದುದರಿಂದ ಅದು ಬೆಳೆದು, ಇಂದು ವೈದ್ಯಕೀಯ ಕಾಲೇಜನ್ನೂ ಅವರದೇ ಹೆಸರಿನ ಇಂಜಿನಿಯರಿಂಗ್ ಕಾಲೇಜನ್ನೂ ನಡೆಯಿಸುತ್ತಿದೆ. ಬ್ಯಾಂಕಿನದೂ ಅದೇ ಕಥೆ. ಶಿವಾನುಭವವಾದರೋ ಅವರ ಒಬ್ಬರ ಎಲುಬಿನ ಮೇಲೆ ನಿಂತಿದ್ದಿತು. ಅವರ ಶಕ್ತಿ ಇಳಿದಂತೆ ಅದೂ ಇಳಿದು ನಿಂತುಹೋಯಿತು. ಅಡ್ಡಿಗಳು ಹಳಕಟ್ಟಿಯವರನ್ನು ಗಟ್ಟಿಗೊಳಿಸಿದುದು ದಿಟ. ಅವರ ಪತ್ರಿಕೆಯನ್ನು ಅವು ಗಟ್ಟಿಗೊಳಿಸಲಿಲ್ಲ. ಹೆಗಲು ಒಂದೇ ಆದಾಗ ಹೆಗಲು ಬಲಿಯುತ್ತದೆ, ಹೊರೆ ಮಾತ್ರ ಅದೇ 'ಹೆಗಲು ಇರುವವರೆಗೆ' ಎಂಬ ಕರಾರಿನ ಮೇಲೆ ನಿಂತಿರುತ್ತದೆ. ಆ ಪತ್ರಿಕೆಯಲ್ಲಿ ಅಚ್ಚಾದ ವಚನಗಳು ಉಳಿದುದು ಅವು ಮತ್ತೆ ನೂರಾರು ಮನೆಗಳಿಗೆ, ಮಠಗಳಿಗೆ, ಗ್ರಂಥಾಲಯಗಳಿಗೆ ಚದುರಿದ್ದುದರಿಂದ. ಕಲ್ಯಾಣದಿಂದ ಓಡಿದವರ ಬಗಲಿನ ಗರಿಗಳು ಯಾವ ರೀತಿಯಿಂದ ಉಳಿದುವೋ ಅದೇ ರೀತಿಯಿಂದ.

ಬೆಲೆಯ ಪ್ರಶ್ನೆಯೊಂದು ಉಳಿದಿದೆ. ಮನೆ ಮಾರಿದಾಗ ಮಾರಿಹೋದುದು ಹಳಕಟ್ಟಿಯವರೊಬ್ಬರ ಮನೆಯಲ್ಲ; ಅವರ ಧರ್ಮಪತ್ನಿ ಭಾಗೀರಥೀಬಾಯಿಯವರ ಮನೆ, ಮಕ್ಕಳ ಮನೆ. ಶಾಸನಸಭೆಗೆ ಹೋಗಿಬಂದ ವಕೀಲರ ಸಂಸಾರವು ಪಡಬಹುದಾಗಿದ್ದ ಸುಖವೆಷ್ಟು, ಪಟ್ಟ ಬವಣೆ ಎಷ್ಟು ಎಂಬುದನ್ನು ಚರಿತ್ರಕಾರರು ವಿವರವಾಗಿ ಬರೆದಿಲ್ಲ. ಬರೆಯುವ ರೂಢಿಯೂ ನಮ್ಮಲ್ಲಿಲ್ಲ. ಅವರ ಕೋಟಿನ ತೇಪೆಯನ್ನು ಸಭೆಗಳಲ್ಲಿ ಕೊಂಡಾಡುವುದನ್ನು ಕೇಳಿದಾಗಲೆಲ್ಲ ನಮಗೆ ಸಂಕೋಚವೇ ಆಗುತ್ತದೆ. ಆ ತೇಪೆಯು ಅವರ ಗುಣವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಅವರ ಪತ್ರಿಕೆಯನ್ನು ಓದಿ ವರ್ಗಣಿ ಕೊಡದವರ ಗುಣವನ್ನು ಹೇಳುತ್ತದೆ. ಬಡತನದಿಂದ ವಿದ್ವಾಂಸನು ಬೆಳಗುವನೆಂದು ಹೇಳಿ ಅವನ ಸಂಬಳವನ್ನು ತಡೆಹಿಡಿಯುವ ಕಾರಭಾರಿಗಳೂ, ಸಣ್ಣ ಊರಿನ ಗ್ರಂಥಾಲಯಕ್ಕೆ ಹಣ ಕೊಡುವ ಪ್ರಸಂಗ ಬಂದಾಗ ಹಳಕಟ್ಟಿಯವರ ಉದಾಹರಣೆಯನ್ನು ಮುಂದೆ ಮಾಡುವ ಅಧಿಕಾರಿಗಳೂ ನಮಗೆ ಗೊತ್ತು. ಹಳಕಟ್ಟಿಯವರಿಗೆ ತಳದ ಹಸಿ ಇದ್ದಿತು: ಅಕ್ಷರ ಬಲ್ಲ ತಂದೆ, ಕಾಯದೆಯ ಪದವಿ, ಮಾರಲು ಒಂದು ಮನೆ. ಇವು ಯಾವುವೂ ಇಲ್ಲದೆ ಅಂಥದೇ ಹಂಬಲವನ್ನು ಹೊತ್ತು ಮಣ್ಣಾದವರ ಚರಿತ್ರವನ್ನು ಬರೆಯುವವರಿಲ್ಲ.

ಕೊನೆಯ ವರ್ಷಗಳಲ್ಲಿ ಗೌರವಗಳು ಬಂದುವು. ಕನ್ನಡ ಸೀಮೆಗಳು ಒಂದಾದ ೧೯೫೬ ರಲ್ಲಿಯೇ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಡಿ. ಲಿಟ್. ಪದವಿಯನ್ನು ಕೊಟ್ಟಿತು. ವಚನ ಪಿತಾಮಹರೆಂಬ ಹೆಸರನ್ನು ಜನರೇ ಕೊಟ್ಟಿದ್ದರು. ಅವರು ಹಾಕಿದ ಹಾದಿಯಲ್ಲಿ ಅನೇಕರು ನಡೆದು ಮತ್ತಷ್ಟು ಕಟ್ಟುಗಳನ್ನು ಬಿಚ್ಚಿದರು. ೧೯೯೩ ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು ಹೊರತಂದಾಗ ಅವು ಹದಿನೈದಾದುವು, ವಚನಗಳು ಇಪ್ಪತ್ತು ಸಾವಿರವನ್ನು ಮೀರಿದುವು. ಹಳಕಟ್ಟಿಯವರ ಪಾಠಗಳಲ್ಲಿ ಕೆಲವನ್ನು ಆಮೇಲಿನ ಪಂಡಿತರು ತಿದ್ದಿದ್ದಾರೆ. ಅವರ ವಿಂಗಡಣೆಯನ್ನು ಒಪ್ಪದವರೂ ಇದ್ದಾರೆ. ಹತ್ತು ಕಟ್ಟುಗಳನ್ನು ಪಕ್ಕದಲ್ಲಿಟ್ಟು ಓದಿದವರ ಕೆಲಸವನ್ನು ಮುಂದಿನವರು ಇಪ್ಪತ್ತು ಕಟ್ಟುಗಳನ್ನಿಟ್ಟು ಓದುವುದು ಸಹಜವೇ. ಜುಲೈ ೨ ನ್ನು ಈಗ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಸರಕಾರವು ಆಚರಿಸುತ್ತದೆ.

ಆ ದಿನವನ್ನು ಇನ್ನೊಮ್ಮೆ ಕಾಣುವ ಯೋಗವು ಅವರಿಗೆ ಇರಲಿಲ್ಲ. ಎಂಬತ್ತನಾಲ್ಕು ತುಂಬಲು ಮೂರು ದಿನಗಳು ಉಳಿದಿರುವಾಗ, ೧೯೬೪ ನೆಯ ಜೂನ್ ೨೯ ರಂದು, ಅರುವತ್ತು ವರ್ಷಗಳ ಹಿಂದೆ ವಕೀಲಿ ಮಾಡಲು ಬಂದಿದ್ದ ಬಿಜಾಪುರದಲ್ಲಿಯೇ ಅವರು ಲಿಂಗೈಕ್ಯರಾದರು.